ಮೂರರಲ್ಲಿ ಎರಡು ಪಾಲು

ಹೊಸ ಮನೆಗೆ ಕಾಲಿಟ್ಟಾಗ ಹಾಲು ಉಕ್ಕಿಸುವುದು ಎಲ್ಲರಲ್ಲೂ ಇರುವ ಪದ್ಧತಿ. ನಮ್ಮಲ್ಲೂ ಇತ್ತು. ಆದರೆ ಹಾಲಿನ ಪಾತ್ರೆ ಪೆಟ್ಟಿಗೆಯಿಂದ ಹೊರಬರುವ ಮೊದಲು ನಮ್ಮ ಮನೆಯಲ್ಲಿ ಇನ್ನೊಂದು ಶಾಸ್ತ್ರ ನಡೆಯಬೇಕಿತ್ತು. ಅದನ್ನು ನಾನು ಬೇರೆ ಯಾರ ಮನೆಯಲ್ಲೂ ಕಂಡಿಲ್ಲ. ಅವ್ವ ಕೋಟು ಕೂಡ ಬಿಚ್ಚದೆ ನಡುಮನೆಯಲ್ಲಿ ನಿಂತು ಮೇಲೆ ನೋಡುತ್ತಿದ್ದಳು. ಗೋಡೆಯ ಬಣ್ಣ, ಕಾರ್ಪೆಟ್ಟಿನ ಕಲೆ, ಅಡುಗೆಮನೆಯ ಕಿಟಕಿ ಯಾವ ದಿಕ್ಕಿಗಿದೆ, ಇವೆಲ್ಲ ಆಮೇಲೆ. ಮೊದಲು ದೀಪ. ಸ್ವಿಚ್ ಆರಿಸಿ, ಕುರ್ಚಿ ಎಳೆದುಕೊಂಡು ಹತ್ತಿ, ಬಲ್ಬನ್ನು ಒಂದಿಷ್ಟು ಒತ್ತಿ ತಿರುಗಿಸಿ ಬಿಡಿಸಿ ನನ್ನ ಕೈಗೆ ಕೊಡುತ್ತಿದ್ದಳು. ಬಲ್ಬಿನ ನೆತ್ತಿಯ ಮೇಲೆ, ಅರ್ಧ ಅಳಿಸಿಹೋದಂಥ ಸಣ್ಣ ಅಕ್ಷರದಲ್ಲಿ ಅದು ಎಷ್ಟು ವ್ಯಾಟಿನದೆಂದು ಬರೆದಿರುತ್ತಿತ್ತು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿ ಹೇಳುವುದು ನನ್ನ ಕೆಲಸ. ನನಗಾಗ ಎಂಟೋ ಒಂಬತ್ತೋ ವರ್ಷ. ಈಗ ನಾನು ಇಂಗ್ಲೆಂಡಿನ ಸೊಲಿಹಲ್‌ನಲ್ಲಿ ಜನರ ಕಣ್ಣು ಪರೀಕ್ಷೆ ಮಾಡಿ ಹೊಟ್ಟೆ ಹೊರೆಯುವವಳು. ಕತ್ತಲ ಕೋಣೆಯಲ್ಲಿ ಕೂರಿಸಿ, ಕಟ್ಟಕಡೆಯ ಸಾಲು ಓದಿ ಎಂದು ಜನರಿಗೆ ಹೇಳುವಾಗ ಕೆಲವೊಮ್ಮೆ ಆ ಬಲ್ಬುಗಳ ನೆತ್ತಿ ನೆನಪಾಗುತ್ತದೆ.

“ಎಷ್ಟೈತಿ, ಓದವಾ.”

“ಅರವತ್ತು.”

“ಸರಿಯಾಗಿ ನೋಡು. ಹಿಂದಿನ ರೂಮಿನ್ಯಾಗೂ ಅರವತ್ತ ಅಂದಿದ್ದಿ, ನೂರಿತ್ತು.”

“ಅರವತ್ತೇ ಅವ್ವಾ.”

ಹೀಗೆ ಕೋಣೆಯಿಂದ ಕೋಣೆಗೆ. ಬಚ್ಚಲು, ಮೆಟ್ಟಿಲು, ಪೊರಕೆ ಇಡುವ ಗೂಡು, ಯಾವುದನ್ನೂ ಬಿಡುವಂತಿರಲಿಲ್ಲ. ಅಪ್ಪ ಸೂಟ್‌ಕೇಸುಗಳ ನಡುವೆ ನಿಂತು ಕೈಗಡಿಯಾರ ನೋಡುತ್ತಿದ್ದರು. ಮರುದಿನ ಬೆಳಿಗ್ಗೆಯೇ ಹೊಸ ಆಸ್ಪತ್ರೆಯಲ್ಲಿ ಅವರ ಡ್ಯೂಟಿ ಇರುತ್ತಿತ್ತು. ಎಲ್ಲ ಮುಗಿದ ಮೇಲೆ ಅವ್ವ ಕುರ್ಚಿಯಿಂದ ಇಳಿದು, ಸೀರೆಯ ನೆರಿಗೆ ಸರಿಮಾಡಿಕೊಂಡು, ಮನಸ್ಸಿನಲ್ಲೇ ಕೂಡಿ, ಭಾಗಿಸಿ, ಈ ಮನೆಯ ದೀಪಗಳಿಗೆ ಇಷ್ಟು ಆಂಪಿಯರ್ ಎಂದು ಗಟ್ಟಿಯಾಗಿ ಹೇಳುತ್ತಿದ್ದಳು. ಆಮೇಲೆಯೇ ಹಾಲು ಒಲೆಗೆ ಏರುತ್ತಿತ್ತು. ಅಪ್ಪ ಒಮ್ಮೆ ತಮಾಷೆಗೆ, ನಮ್ಮ ಮನೆಗೆ ಗಣಪತಿಗಿಂತ ಮೊದಲು ಆಂಪಿಯರ್ ಪೂಜೆ ಎಂದರು. ಅವ್ವನಿಗೆ ಸಿಟ್ಟು ಬರಲಿಲ್ಲ. ಅವಳಿಗೆ ಆ ದಿನಗಳಲ್ಲಿ ಇನ್ನೂ ಯಾವುದಕ್ಕೂ ಸಿಟ್ಟು ಬರುತ್ತಿರಲಿಲ್ಲ.

ಅವ್ವ ಹುಬ್ಬಳ್ಳಿಯ ಒಂದು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ಲೆಕ್ಚರರ್ ಆಗಿದ್ದವಳು. ಡಿಪ್ಲೊಮಾ ಹುಡುಗರಿಗೆ ಮನೆ ವೈರಿಂಗ್ ಪಾಠ ಮಾಡುತ್ತಿದ್ದಳು. ಮೀಸೆ ಬಂದ ಹುಡುಗರು ಅವಳೆದುರು ತಗ್ಗಿಸಿದ ತಲೆ ಎತ್ತುತ್ತಿರಲಿಲ್ಲವಂತೆ. ಅಪ್ಪ ಮೈಸೂರಿನವರು, ಆಪರೇಷನ್‌ಗೆ ಮುಂಚೆ ಅರಿವಳಿಕೆ ಕೊಡುವ ಡಾಕ್ಟರು. ಇಂಗ್ಲೆಂಡಿನಲ್ಲಿ ಎರಡು ವರ್ಷ ಕಲಿತು ಹಿಂತಿರುಗುವುದೆಂದು ಹೊರಟಿದ್ದು. ಅವ್ವ ಸಂಬಳವಿಲ್ಲದ ರಜೆ ಹಾಕಿ ಜೊತೆಗೆ ಬಂದಳು. ಎರಡು ವರ್ಷ ನಾಲ್ಕಾಯಿತು, ರಜೆ ರಾಜೀನಾಮೆಯಾಯಿತು. ಅದಕ್ಕೂ ಅವಳು ಅಷ್ಟೇನೂ ಮರುಗಲಿಲ್ಲ, ಯಾಕೆಂದರೆ ಇಲ್ಲೇ ತನ್ನ ಕೆಲಸ ಸಿಗುತ್ತದೆಂದು ಅವಳು ನಂಬಿದ್ದಳು. ಡಾಕ್ಟರಾದರೆ ಇಲ್ಲಿಯ ಪರೀಕ್ಷೆ ಮತ್ತೆ ಕಟ್ಟಬೇಕು, ಲಾಯರಾದರೆ ಇಲ್ಲಿಯ ಕಾನೂನು ಓದಬೇಕು; ಕರೆಂಟು ಹಾಗಲ್ಲ, ಹುಬ್ಬಳ್ಳಿಯಲ್ಲಿ ಹರಿದಂತೆ ಬರ್ಮಿಂಗ್‌ಹ್ಯಾಮ್‌ನಲ್ಲೂ ಹರಿಯುತ್ತದೆ ಎಂದು ಹೇಳುತ್ತಿದ್ದಳು. ಬಲ್ಬಿನ ಹೋಲ್ಡರ್ ಕೂಡ ಎರಡೂ ಕಡೆ ಒಂದೇ ನಮೂನೆಯದು, ಒತ್ತಿ ತಿರುಗಿಸುವಂಥದು. ಆ ಹೋಲ್ಡರನ್ನು ಮೊದಲ ಸಲ ಆಸ್ಪತ್ರೆಯ ಕ್ವಾರ್ಟರ್ಸ್‌ನಲ್ಲಿ ನೋಡಿದಾಗ ಅವಳಿಗೆ ಆದ ಖುಷಿ ನನಗೆ ನೆನಪಿದೆ. ತವರಿನವರು ಯಾರೋ ಸಿಕ್ಕಿದಂತೆ ನಕ್ಕಿದ್ದಳು.

ಅಪ್ಪನ ಕೆಲಸ ಆಗ ಆರು ತಿಂಗಳಿಗೊಂದು, ವರ್ಷಕ್ಕೊಂದು ಆಸ್ಪತ್ರೆ. ಬರ್ಮಿಂಗ್‌ಹ್ಯಾಮ್‌ನಿಂದ ಲೀಡ್ಸ್‌ಗೆ, ಲೀಡ್ಸ್‌ನಲ್ಲಿ ಒಂದು ಬಾಡಿಗೆ ಮನೆಯಿಂದ ಇನ್ನೊಂದಕ್ಕೆ. ಪ್ರತಿ ಊರಲ್ಲೂ ಬಲ್ಬಿನ ಲೆಕ್ಕ ಮುಗಿದ ಮರುವಾರ ಅವ್ವ ಕೆಲಸ ಹುಡುಕುವುದಕ್ಕೆ ಶುರುಮಾಡುತ್ತಿದ್ದಳು. ಎಲ್ಲರೂ ಒಳ್ಳೆಯ ಮಾತನ್ನೇ ಆಡುತ್ತಿದ್ದರು. ನಿಮ್ಮ ಓದು ಚೆನ್ನಾಗಿದೆ, ಆದರೆ ಇಲ್ಲಿಯ ಅನುಭವ ಬೇಕು. ಇಲ್ಲಿ ಕೆಲಸ ಕೊಡದೆ ಇಲ್ಲಿಯ ಅನುಭವ ಎಲ್ಲಿಂದ ತರುವುದು ಎಂದು ಅವ್ವ ಅವರನ್ನು ಕೇಳುತ್ತಿರಲಿಲ್ಲ; ನಮ್ಮನ್ನು ಕೇಳುತ್ತಿದ್ದಳು, ಚಪಾತಿ ಲಟ್ಟಿಸುತ್ತಾ. ಪಾಠ ಮಾಡುವ ಚಟ ಮಾತ್ರ ಬಿಡಲಿಲ್ಲ. ತರಗತಿಗೆ ಉಳಿದವಳು ನಾನೊಬ್ಬಳು. ವ್ಯಾಟ್ ಎಲ್ಲ ಕೂಡು, ಮನೆಗೆ ಬರುವ ವೋಲ್ಟಿನಿಂದ ಭಾಗಿಸು, ಬಂದದ್ದು ಆಂಪಿಯರ್. ಹಳೆಯ ಮನೆಗಳಲ್ಲಿ ದೀಪದ ಸಾಲಿಗೆ ಐದು ಆಂಪಿಯರಿನ ಫ್ಯೂಸ್. ಅಂದರೆ ನೂರು ವ್ಯಾಟಿನ ಒಂದು ಡಜನ್ ಬಲ್ಬು ಅದು ತಡೆಯುತ್ತದೆ, ಅದಕ್ಕೂ ಮೇಲೆ ಹೋದರೆ ತಂತಿ ಕಾಯುತ್ತದೆ. ಕಣಕದ ಉಂಡೆಗಳನ್ನು ಹಲಗೆಯ ಮೇಲೆ ಸಾಲಾಗಿ ಇಟ್ಟು ಇದನ್ನು ತೋರಿಸುತ್ತಿದ್ದಳು. ನನಗೆ ಮಗ್ಗಿ ಸರಿಯಾಗಿ ಬರುವ ಮೊದಲೇ ಇದು ಬಂತು. ಶಾಲೆಯಲ್ಲಿ ನಿನ್ನ ಅಮ್ಮ ಏನು ಮಾಡುತ್ತಾರೆ ಎಂದು ಟೀಚರ್ ಕೇಳಿದಾಗ ನಾನು ಇಂಜಿನಿಯರ್ ಅಂದೆ. ಎಲ್ಲಿ ಎಂದು ಕೇಳಿದರು. ಮನೆಯಲ್ಲಿ ಅಂದೆ.

ಅಪ್ಪನದು ಬೇರೆ ರೋಗ. ಡ್ಯೂಟಿಯಿಂದ ಬಂದವರು ಶೂ ಬಿಚ್ಚುವ ಮುಂಚೆ ಮನೆಯೆಲ್ಲ ಸುತ್ತಿ ಯಾರೂ ಇಲ್ಲದ ಕೋಣೆಯ ದೀಪ ಆರಿಸಿಕೊಂಡು ಬರುತ್ತಿದ್ದರು. ಆರಿಸುವುದರಲ್ಲಿ ಅವರ ಕೈ ಪಳಗಿತ್ತು; ಬೆನ್ನ ಹಿಂದೆಯೇ ಸ್ವಿಚ್ ಹುಡುಕಿ ಒತ್ತುತ್ತಿದ್ದರು. ನವೆಂಬರ್ ಬಂತೆಂದರೆ ನಾಲ್ಕೂವರೆಗೆಲ್ಲ ಕತ್ತಲು. ಅವ್ವ ಒಂದು ಡಬ್ಬಿ ತರಲು ಅಡುಗೆಮನೆಯಿಂದ ಹೊರಗೆ ಹೋಗಿ ಬರುವಷ್ಟರಲ್ಲಿ ಒಳಗೆ ಕತ್ತಲಾಗಿರುತ್ತಿತ್ತು. ಇಬ್ಬರಿಗೂ ಇದೇ ಜಗಳ.

“ಮನುಷ್ಯರು ಇದ್ದೀವ್ರಿ ಇಲ್ಲೆ. ಹಿತ್ತಲ ಹುಲ್ಲಲ್ಲ ನಾವು.”

“ಎಲ್ಲ ರೂಮಲ್ಲೂ ಒಟ್ಟೊಟ್ಟಿಗೆ ಇರ್ತೀಯಾ ನೀನು? ಇರೋ ಕಡೆ ಒಂದು ಹಾಕ್ಕೊಂಡ್ರೆ ಸಾಲ್ದಾ?”

ಅವ್ವ ಮತ್ತೆ ಹಚ್ಚುತ್ತಿದ್ದಳು. ಅಪ್ಪ ಪೇಪರ್ ಹಿಡಿದು ಕೂತ ಮೇಲೆ ಜಗಳ ಮರೆತುಹೋಗುತ್ತಿತ್ತು. ಆಗಿನ್ನೂ ಜಗಳಗಳಿಗೆ ಅಷ್ಟು ಬೇಗ ಮರೆತುಹೋಗುವ ಗುಣವಿತ್ತು.

ಡಿಡ್ಸ್‌ಬರಿಯ ಮನೆ ನಮ್ಮದೇ ಆದ ಮೊದಲ ಮನೆ. ಅಪ್ಪನಿಗೆ ಮ್ಯಾಂಚೆಸ್ಟರ್‌ನಲ್ಲಿ ಕಾಯಂ ಕೆಲಸವಾಗಿತ್ತು, ಮಾರ್ಟ್‌ಗೇಜ್ ಸಿಕ್ಕಿತ್ತು. ಕೆಂಪು ಇಟ್ಟಿಗೆಯ, ಉದ್ದಕ್ಕೆ ಒಂದಕ್ಕೊಂದು ಅಂಟಿಕೊಂಡ ಮನೆಗಳ ಸಾಲಿನಲ್ಲಿ ಅದೂ ಒಂದು. ಮುಂದಿನ ಕೋಣೆಯಲ್ಲಿ ಹಿಂದಿನ ಮಾಲೀಕರು ಬಿಟ್ಟುಹೋದ ಒಂದು ಗೊಂಚಲು ದೀಪ ಇತ್ತು. ಹಿತ್ತಾಳೆಯ ಎಂಟು ಕೈ, ಕೈಗೊಂದು ಮೇಣದಬತ್ತಿಯ ಆಕಾರದ ಬಲ್ಬು. ಮೇಲೆ ಮೂರು ಮಲಗುವ ಕೋಣೆ, ಅದರ ಮೇಲೆ ತಲೆ ತಾಗುವ ಅಟ್ಟ, ಕೆಳಗೆ ಮೆಟ್ಟಿಲ ಅಡಿಯ ಗೂಡಿನಲ್ಲಿ ವ್ಯಾಕ್ಯೂಮ್ ಕ್ಲೀನರ್ ಪಕ್ಕಕ್ಕೆ ಹಳೆಯ ಫ್ಯೂಸ್ ಪೆಟ್ಟಿಗೆ. ಆ ದಿನ ಅವ್ವನ ಶಾಸ್ತ್ರ ಬಹಳ ಹೊತ್ತು ನಡೆಯಿತು. ಗೊಂಚಲಿನ ಒಂದೊಂದು ಬಲ್ಬನ್ನೂ ನಾನು ಓದಿದೆ. ಕೊನೆಗೆ ಅವ್ವ ಮೆಟ್ಟಿಲ ಅಡಿ ಬಗ್ಗಿ ಪೆಟ್ಟಿಗೆ ನೋಡಿ ಬಂದವಳು ಎಂದಿನಂತೆ ಉತ್ತರ ಸಾರಲಿಲ್ಲ. ಅಟ್ಟದಿಂದ ಅಡುಗೆಮನೆಯವರೆಗೆ ಅಷ್ಟೂ ದೀಪಗಳು ಒಂದೇ ಸಾಲಿನ ಮೇಲಿದ್ದವು, ಆ ಸಾಲಿಗೆ ಒಂದೇ ಐದು ಆಂಪಿಯರ್ ಫ್ಯೂಸ್. ನಮ್ಮ ದೀಪಗಳು ಎಲ್ಲ ಕೂಡಿ ನೂರು ವ್ಯಾಟಿನ ಹದಿನೆಂಟು ಬಲ್ಬಿನಷ್ಟು ಆಗುತ್ತಿದ್ದವು. ತಡೆಯುವುದು ಹನ್ನೆರಡು.

ಅಪ್ಪನೇ ಒಬ್ಬ ಎಲೆಕ್ಟ್ರಿಷಿಯನ್ನನ್ನು ಕರೆಸಿದರು. ಅವ್ವ ತಾನೇ ಸರಿಮಾಡುತ್ತೇನೆಂದರೆ, ಇಲ್ಲಿ ಹಾಗೆಲ್ಲ ಕೈ ಹಾಕಬಾರದು, ನಾಳೆ ಏನಾದರೂ ಆದರೆ ಇನ್ಶೂರೆನ್ಸ್‌ನವರು ಒಪ್ಪುವುದಿಲ್ಲ ಎಂದರು. ಬಂದವನು ಸಾವಧಾನದ ಮನುಷ್ಯ, ಅವ್ವನನ್ನು ಮಾತು ಮಾತಿಗೂ ‘ಲವ್’ ಎಂದು ಕರೆಯುತ್ತಿದ್ದ. ಮ್ಯಾಂಚೆಸ್ಟರ್‌ನಲ್ಲಿ ಹಾಲು ಮಾರುವವನೂ ಹಾಗೆಯೇ ಕರೆಯುತ್ತಾನೆಂದು ಗೊತ್ತಿದ್ದರೂ ಅಪ್ಪ ಪ್ರತಿಸಲ ಕನ್ನಡಕ ಸರಿಮಾಡಿಕೊಳ್ಳುತ್ತಿದ್ದರು. ಅವನೂ ಮನೆಯೆಲ್ಲ ಸುತ್ತಿದ. ಅವನ ಲೆಕ್ಕವೂ ಹದಿನೆಂಟಕ್ಕೇ ಬಂತು. ಆಮೇಲೆ ಅವನು ಅದನ್ನು ಮೂರು ಪಾಲು ಮಾಡಿ ಒಂದು ಪಾಲು ಬಿಟ್ಟ. ಮನೆಯ ದೀಪಗಳ ಮಟ್ಟಿಗೆ ಅರವತ್ತಾರು ಪರ್ಸೆಂಟ್ ಹಿಡಿದರೆ ಸಾಕು ಎಂಬುದು ಅವರ ಕೈಪಿಡಿಯ ಲೆಕ್ಕ. ಹದಿನೆಂಟರಲ್ಲಿ ಮೂರನೇ ಎರಡು ಪಾಲು ಹನ್ನೆರಡು. ಸರಿಯಾಗಿ ಕೂತಿತು.

“ಯಾರ ಮನೆಯಲ್ಲೂ ಎಲ್ಲ ದೀಪ ಒಟ್ಟಿಗೆ ಉರಿಯುವುದಿಲ್ಲ, ಲವ್. ಒಂದು ಪಾಲು ಯಾವಾಗಲೂ ಆರಿಯೇ ಇರುತ್ತದೆ.”

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅವ್ವ ಕೂಡ ಹುಬ್ಬಳ್ಳಿಯಲ್ಲಿ ಇಂಥದೇ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದವಳೇ. ಆದರೆ ಆ ದಿನ ಅವಳು ಅದನ್ನು ಒಪ್ಪಲಿಲ್ಲ. ನಮ್ಮ ಮನೆಯಲ್ಲಿ ಒಂದು ಸಂಜೆ ಎಲ್ಲವೂ ಉರಿಯುತ್ತವೆ ಎಂದಳು. ಅದು ನಿಜ. ದೀಪಾವಳಿಯ ಅಮಾವಾಸ್ಯೆ, ಲಕ್ಷ್ಮೀಪೂಜೆಯ ಸಂಜೆ, ಅವ್ವನ ತವರಿನಲ್ಲಿ ಒಂದು ಕೋಣೆಯೂ ಕತ್ತಲಿರಬಾರದು. ಹಣತೆ ಹಚ್ಚುವುದು ಬೇರೆ. ಅದರ ಜೊತೆಗೆ ಮನೆಯ ಪ್ರತಿಯೊಂದು ಬಲ್ಬೂ, ಬಚ್ಚಲಿನದು, ಕಾಳಿನ ಕೋಣೆಯದು, ಹಿತ್ತಲಿನದು, ಉರಿಯಬೇಕು. ಲಕ್ಷ್ಮಿ ಮುಂಬಾಗಿಲಿಂದಲೇ ಬರುತ್ತಾಳೆಂದು ಯಾರು ಹೇಳಿದರು ಎನ್ನುತ್ತಿದ್ದಳಂತೆ ನನ್ನ ಅಜ್ಜಿ. ಬಾಡಿಗೆ ಮನೆಗಳಲ್ಲೂ ಅವ್ವ ಇದನ್ನು ತಪ್ಪಿಸಿರಲಿಲ್ಲ. ಅವು ಸಣ್ಣವು, ತಡೆದಿದ್ದವು. ಎಲೆಕ್ಟ್ರಿಷಿಯನ್ ನಗುತ್ತಾ, ಒಂದು ಸಂಜೆಗೋಸ್ಕರ ಹೊಸ ಸಾಲು ಎಳೆಯಲು ಗೋಡೆಯೆಲ್ಲ ಒಡೆಯಬೇಕಾಗುತ್ತದೆ, ಯೋಚನೆ ಮಾಡಿ ಎಂದು ಹೇಳಿ ಚಹಾ ಕುಡಿದು ಹೋದ. ಅವನ ವ್ಯಾನು ತಿರುವು ದಾಟುವ ಮೊದಲೇ ಮಾತು ಬಂತು.

“ನೀನು ಹೇಳಿದ್ದಕ್ಕಿಂತ ಅವನು ಹೇಳಿದ್ದು ಪ್ರ್ಯಾಕ್ಟಿಕಲ್ ಕಣೇ ಗಿರಿಜಾ. ವರ್ಷಕ್ಕೆ ಒಂದು ಸಂಜೆ ಅಲ್ವಾ?”

“ವರ್ಷಕ್ಕ ಒಂದಾದ್ರೂ ಸಂಜಿ ಬ್ಯಾಡೇನ್ರಿ?”

ಅಪ್ಪನಿಗೆ ಇದು ದೀಪದ ಮಾತು ಎಂದೇ ಅನ್ನಿಸಿತು. ನನಗೂ ಹಾಗೇ ಅನ್ನಿಸಿತ್ತು.

ಆ ವರ್ಷದ ದೀಪಾವಳಿಗೆ ಗೃಹಪ್ರವೇಶದ ಊಟವೂ ಸೇರಿ ಮನೆ ತುಂಬ ಜನ. ಹೆಚ್ಚಿನವರು ಆಸ್ಪತ್ರೆಯ ಕನ್ನಡದ ಡಾಕ್ಟರರು, ಅವರ ಸಂಸಾರಗಳು. ಇಂಥ ಕಡೆ ಧಾರವಾಡದವರು, ಮಂಗಳೂರಿನವರು ಎಲ್ಲ ಸೇರಿದರೆ ಎಲ್ಲರ ಬಾಯಲ್ಲೂ ಬೆಂಗಳೂರಿನ ಕನ್ನಡವೇ ಬರುತ್ತದೆ. ಅವ್ವ ಮಾತ್ರ ತನ್ನದನ್ನು ಬದಲಿಸುತ್ತಿರಲಿಲ್ಲ. ಇಳಕಲ್ ಸೀರೆ ಉಟ್ಟು, ಪೂಜೆ ಮುಗಿಸಿ, ಅವ್ವ ನನ್ನನ್ನು ಕರೆದಳು. ಇಬ್ಬರೂ ಅಟ್ಟದಿಂದ ಶುರುಮಾಡಿ ಒಂದೊಂದೇ ಸ್ವಿಚ್ ಒತ್ತುತ್ತಾ ಕೆಳಗೆ ಬಂದೆವು. ಕೊನೆಗೆ ಮುಂದಿನ ಕೋಣೆಯ ಗೊಂಚಲು. ಇಡೀ ಮನೆ ಹಾಗೆ ಬೆಳಗಿದ್ದನ್ನು ನಾನು ಮತ್ತೆ ನೋಡಿಲ್ಲ. ಮಕ್ಕಳು ಅಟ್ಟಕ್ಕೂ ಕೆಳಕ್ಕೂ ಓಡಾಡಿದರು. ಅವ್ವ ನನ್ನ ಕಿವಿಯಲ್ಲಿ, ತಂತಿ ಹಳೇದು, ಥಟ್ಟನೆ ಹೋಗಂಗಿಲ್ಲ, ಕಾದು ಕಾದು ಹೋಗ್ತೈತಿ, ನೋಡ್ತಿರು ಎಂದಳು. ಆರತಿ ಮುಗಿದು ಎಲೆ ಹಾಕುವ ಹೊತ್ತಿಗೆ ಹೋಯಿತು. ದೇವರ ಮುಂದಿನ ದೀಪ, ಬಾಗಿಲ ಹಣತೆಗಳು ಮಾತ್ರ ಉಳಿದವು. ಬಂದವರಲ್ಲಿ ಒಬ್ಬರಾದ ಶೈಲಾ ಆಂಟಿ, ಅವರೇ ಸ್ವತಃ ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರು, ಕತ್ತಲಲ್ಲೇ ಹೇಳಿದರು.

“ಗಿರಿಜಾ, ಒಬ್ಬ ಎಲೆಕ್ಟ್ರಿಷಿಯನ್‌ಗೆ ತೋರಿಸಬಾರದಿತ್ತಾ?”

ಅವ್ವ ನನ್ನ ಕೈಗೆ ಟಾರ್ಚು ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೆಟ್ಟಿಲ ಅಡಿ ತೂರಿದಳು. ಮೇನ್ ಆರಿಸಿದಳು. ಫ್ಯೂಸ್ ಕಿತ್ತು, ಕರಕಲಾದ ಚೂರನ್ನು ಉಗುರಿನಿಂದ ಕೆರೆದು ತೆಗೆದು ನನಗೆ ತೋರಿಸಿದಳು. ಅಂಗಡಿಯಲ್ಲಿ ಆಗ ಫ್ಯೂಸ್ ತಂತಿಯ ಒಂದು ರಟ್ಟು ಸಿಗುತ್ತಿತ್ತು, ಅದಕ್ಕೆ ಮೂರು ದಪ್ಪದ ತಂತಿಗಳನ್ನು ಸುತ್ತಿರುತ್ತಿದ್ದರು. ಅದನ್ನು ಅವಳು ಮೊದಲೇ ತಂದು ಗೂಡಿನಲ್ಲಿ ಇಟ್ಟಿದ್ದಳು. ಹುಬ್ಬಳ್ಳಿಯ ಹುಡುಗರಿಗೆ ತೋರಿಸುವಂತೆ ನನಗೆ ತೋರಿಸುತ್ತಾ, ತಂತಿಯನ್ನು ಯಾವ ಕಡೆಗೆ ಸುತ್ತಬೇಕು, ಎಷ್ಟು ಬಿಗಿ ಮಾಡಬೇಕು ಎಂದು ಹೇಳಿಕೊಡುತ್ತಿದ್ದಳು. ಅವಳ ದನಿ ಬೇರೆಯೇ ಆಗಿತ್ತು. ಹೊರಗೆ ಇಷ್ಟು ಜನ ಹಸಿದು ಕಾಯುತ್ತಿದ್ದಾರೆ, ಅನ್ನ ಆರುತ್ತಿದೆ, ಇವಳಿಗೆ ಅವಸರವೇ ಇರಲಿಲ್ಲ. ನನ್ನ ಅವ್ವ ಇಂಗ್ಲೆಂಡಿನಲ್ಲಿ ಇಂಜಿನಿಯರಾಗಿ ಕೆಲಸ ಮಾಡಿದ್ದು ಆ ಸಂಜೆ ಮಾತ್ರ, ಆ ಗೂಡಿನೊಳಗೆ. ಅಪ್ಪ ಬಗ್ಗಿ ಒಳಗೆ ಇಣುಕಿದರು.

“ಮೂರು ದಪ್ಪ ಇದೆಯಲ್ಲೇ. ಇವತ್ತೊಂದಿನ ದಪ್ಪಂದೇ ಹಾಕಿಬಿಡು.”

“ದಪ್ಪಂದು ಹಾಕಿದ್ರ ಫ್ಯೂಸ್ ಉಳೀತೈತಿ. ಗ್ವಾಡ್ಯಾಗಿನ ವಾಯರ್ ಸುಡತೈತಿ. ಜನ ಅದಾರ ಮನ್ಯಾಗ.”

ಅವಳು ಐದು ಆಂಪಿಯರಿನ ಸಣ್ಣ ತಂತಿಯನ್ನೇ ಸುತ್ತಿದಳು. ಬೇರೆ ಯಾರಾದರೂ ಆಗಿದ್ದರೆ ದಪ್ಪದ್ದು ಹಾಕಿ ಹಬ್ಬ ಮಾಡುತ್ತಿದ್ದರು. ಕಲಿತವಳಾದ್ದರಿಂದ ಅವಳಿಗೆ ಅದು ಆಗಲಿಲ್ಲ. ಮೇನ್ ಹಾಕುವ ಮೊದಲು ಅವಳು ಮಾಡಬೇಕಾದ ಕೆಲಸ ಇನ್ನೊಂದಿತ್ತು. ಹದಿನೆಂಟರಲ್ಲಿ ಆರು ಕಳೆಯಬೇಕು. ಟಾರ್ಚು ಹಿಡಿದು ನಾನು ಹಿಂದೆ, ಅವಳು ಮುಂದೆ. ಅಟ್ಟದ ಸ್ವಿಚ್ ಆರಿಸಿದಳು. ಮೇಲಿನ ಹಾದಿಯದು ಆರಿಸಿದಳು. ಅಪ್ಪನ ಓದುವ ಕೋಣೆಯ ಮುಂದೆ ನಿಂತು, ಅದು ಅವರು ಸರ್ಟಿಫಿಕೇಟು ತೂಗುಹಾಕಿದ ಕೋಣೆ, ಅದನ್ನು ಹಾಗೇ ಬಿಟ್ಟಳು. ಪೊರಕೆಯ ಗೂಡು, ಹಿಂಬಾಗಿಲು, ಅವರಿಬ್ಬರ ಮಲಗುವ ಕೋಣೆ. ಇನ್ನೊಂದು ಕಡಿಮೆ ಬೀಳುತ್ತಿತ್ತು. ಅಡುಗೆಮನೆಯದನ್ನು ಆರಿಸಿದಳು. ಜನರೆಲ್ಲ ಮುಂದಿನ ಕೋಣೆಯಲ್ಲಿ ಗೊಂಚಲಿನ ಕೆಳಗೆ ಕೂತು ಹೋಳಿಗೆ ಉಂಡರು. ಅವ್ವ ನಡುಮನೆಯಿಂದ ಬಂದಷ್ಟು ಬೆಳಕಿನಲ್ಲಿ ತುಪ್ಪ ಕಾಯಿಸಿದಳು, ಬಡಿಸಿದಳು. ಎಲ್ಲರೂ ಊಟ ಚೆನ್ನಾಗಿತ್ತು ಎಂದರು. ಬೆಳಕಿನ ಬಗ್ಗೆ ಯಾರೂ ಏನೂ ಹೇಳಲಿಲ್ಲ, ಯಾಕೆಂದರೆ ಅವರು ಕೂತಲ್ಲಿ ಬೆಳಕು ಸಾಕಷ್ಟಿತ್ತು.

ಅದೇ ಚಳಿಗಾಲದಲ್ಲಿ ಅವ್ವನಿಗೆ ಇಂಟರ್‌ವ್ಯೂಗೆ ಕರೆ ಬಂತು. ಊರೂರು ಸುತ್ತಿ ಕೇಳಿದ ಮೇಲೆ ಬಂದ ಮೊದಲನೆಯ ಕರೆ. ಮ್ಯಾಂಚೆಸ್ಟರ್ ನಗರದ ನಡುವೆ ಇದ್ದ ಸಣ್ಣ ಕಚೇರಿ. ಹೊಸ ಮನೆಗಳಿಗೆ ವೈರಿಂಗ್ ನಕ್ಷೆ ಹಾಕುವ ಕೆಲಸ. ಅವಳಿಗೆಂದೇ ಹೊಲಿಸಿಟ್ಟಂಥ ಕೆಲಸ ಅದು. ಆಗ ನಮ್ಮ ಕಡೆ ಟ್ರಾಮ್ ಇರಲಿಲ್ಲ, ಬಸ್ಸು. ನನ್ನನ್ನು ಶಾಲೆಗೆ ಬಿಟ್ಟು ಅವಳು ಬಸ್ಸು ಹತ್ತಿದಳು, ಕರಿಯ ಕೋಟು, ಕೈಯಲ್ಲಿ ಹುಬ್ಬಳ್ಳಿಯ ಲೆದರ್ ಬ್ಯಾಗು. ಸಂಜೆ ಊಟದ ಮೇಜಿನಲ್ಲಿ ಅಪ್ಪ ಕೇಳಿದರು. ಅವಳು ಖುಷಿಯಲ್ಲೇ ಹೇಳಿದಳು. ಒಂದು ಲೆಕ್ಕ ಕೊಟ್ಟಿದ್ದರಂತೆ: ಇಷ್ಟು ಕೋಣೆಯ ಮನೆ, ಇಷ್ಟು ದೀಪ, ಒಟ್ಟು ಲೋಡ್ ಎಷ್ಟು. ನಮ್ಮ ಮನೆಗೆ ಹೊಸ ಬಣ್ಣ ಬಳಿದು ಕೊಟ್ಟಂತಿತ್ತಂತೆ. ಅಪ್ಪ ಅನ್ನ ಕಲೆಸುವುದನ್ನು ನಿಲ್ಲಿಸಿದರು.

“ಅರವತ್ತಾರು ಪರ್ಸೆಂಟ್ ಹಿಡಿದ್ಯಲ್ಲ?”

“ಇಲ್ಲ.”

“ಯಾಕೆ? ಗೊತ್ತಿತ್ತಲ್ವಾ ನಿಂಗೆ?”

“ಗೊತ್ತಿತ್ತು. ಪೂರಾ ಹಿಡಿದೆ. ಯಾಕ ಅಂತ ಅವರೂ ಕೇಳಿದ್ರು. ಮನ್ಯಾಗ ಇರೋರು ಯಾರು ಅಂತ ನಿಮ್ಮ ಪ್ರಶ್ನಿಯೊಳಗ ಬರದಿಲ್ಲ, ಒಂದು ಸಂಜಿ ಎಲ್ಲಾ ಹಚ್ಚೋ ಮಂದಿನೂ ಇರಬಹುದು ಅಂದೆ. ದೀಪಾವಳಿ ಬಗ್ಗೆ ಹೇಳಿದೆ. ಭಾಳ ಚಂದ ಕೇಳಿದ್ರು. ನಕ್ಕರು.”

“ನಕ್ಕರಾ.”

“ಕೆಟ್ಟ ನಗಿ ಅಲ್ಲರಿ.”

ಅಪ್ಪ, ಅವರು ಕೇಳಿದ್ದನ್ನು ಅವರಿಗೆ ಬೇಕಾದ ಹಾಗೆ ಬರೆದಿದ್ದರೆ ಏನು ಹೋಗುತ್ತಿತ್ತು ಎಂದರು, ಅಷ್ಟೇ. ಮರುವಾರ ಫೋನ್ ಬಂತು. ನಾನೇ ಎತ್ತಿ ಅವ್ವನಿಗೆ ಕೊಟ್ಟೆ. ಅವಳು ಯೆಸ್, ಯೆಸ್, ಥ್ಯಾಂಕ್ ಯೂ ಎಂದು ಇಟ್ಟಳು. ಆ ಥ್ಯಾಂಕ್ ಯೂ ಕೇಳಿಯೇ ನನಗೆ ಗೊತ್ತಾಯಿತು. ಆ ಒಂದು ಲೆಕ್ಕಕ್ಕೆ ಕೆಲಸ ತಪ್ಪಿತೋ, ಇಷ್ಟು ವರ್ಷ ಮನೆಯಲ್ಲಿದ್ದಳೆಂಬುದಕ್ಕೋ, ಮೊದಲೇ ಬೇರೆ ಯಾರನ್ನೋ ಆರಿಸಿಟ್ಟಿದ್ದರೋ, ಯಾರೂ ಹೇಳಲಿಲ್ಲ. ಲೆಕ್ಕ ತಪ್ಪು ಎಂದು ಯಾರಾದರೂ ಬೈದಿದ್ದರೆ ಅವಳು ಜಗಳಕ್ಕೆ ನಿಲ್ಲುತ್ತಿದ್ದಳು. ಮರ್ಯಾದೆಯಿಂದ ಕಳಿಸಿಕೊಟ್ಟವರ ಹತ್ತಿರ ಏನು ಜಗಳ ಆಡುವುದು. ಆಮೇಲೆ ಅವಳು ಎಲ್ಲಿಗೂ ಅರ್ಜಿ ಹಾಕಲಿಲ್ಲ. ಯಾಕೆ ಎಂದು ನಾವೂ ಕೇಳಲಿಲ್ಲ. ಮುಂದಿನ ದೀಪಾವಳಿಗೆ ಎಲ್ಲ ದೀಪ ಹಚ್ಚುವುದನ್ನೂ ಬಿಟ್ಟಳು. ಗೋಡೆ ಒಡೆಸಿ ಹೊಸ ಸಾಲು ಎಳೆಸೋಣ ಎಂದು ಅಪ್ಪ ಒಂದೆರಡು ಸಲ ತಾವಾಗಿಯೇ ಹೇಳಿದರು. ಬ್ಯಾಡ ಬಿಡ್ರಿ, ಎರಡು ಪಾಲು ಸಾಕು ಎಂದಳು. ಅಪ್ಪ ಡ್ಯೂಟಿಯಿಂದ ಬಂದು ಕೋಣೆಯ ದೀಪಗಳನ್ನು ಆರಿಸಿದರೆ ಅವಳು ಈಗ ಮತ್ತೆ ಹಚ್ಚುತ್ತಿರಲಿಲ್ಲ. ನಮ್ಮ ಮನೆಯ ಜಗಳ ನಿಂತಿದ್ದು ಹಾಗೆ. ಮನೆಗೆ ಬಂದವರು, ಎಂಥ ಶಾಂತಿ ಇದೆ ನಿಮ್ಮ ಮನೆಯಲ್ಲಿ ಎನ್ನುತ್ತಿದ್ದರು.

ಆ ಶಾಂತಿಯಲ್ಲಿ ನಾನು ದೊಡ್ಡವಳಾದೆ. ಪೂರ್ತಿ ಕೇಳಬಾರದು, ಒಂದು ಪಾಲು ಮೊದಲೇ ಬಿಟ್ಟು ಕೇಳಬೇಕು ಎಂಬುದು ನನಗೆ ಯಾರೂ ಹೇಳಿಕೊಡದೆ ಬಂತು. ಡಾಕ್ಟರಾಗುವ ಮಾರ್ಕ್ಸ್ ಬರಬಹುದೆಂದು ಶಾಲೆಯವರು ಹೇಳಿದಾಗ ನಾನು ಕಣ್ಣಿನ ಕೋರ್ಸು ಸಾಕೆಂದೆ. ಕೆಲಸದಲ್ಲೂ ಮದುವೆಯಲ್ಲೂ ಹಾಗೆಯೇ ನಡೆದುಕೊಂಡೆ. ಎರಡೂ ಮುರಿಯಲಿಲ್ಲ, ಎರಡೂ ನನ್ನನ್ನು ತುಂಬಲೂ ಇಲ್ಲ. ಜನ ಇದನ್ನು ನನ್ನ ವಿನಯ ಎಂದುಕೊಂಡಿದ್ದಾರೆ. ನನಗೆ ಗೊತ್ತು ಇದು ಎಲ್ಲಿಂದ ಬಂತೆಂದು. ಮನೆಯ ದೊಡ್ಡವರು ನಮಗೆ ಕಲಿಸುವುದು ಅವರು ಬಾಯಿಬಿಟ್ಟು ಹೇಳಿದ್ದನ್ನಲ್ಲ, ಅವರು ಮಾತು ನಿಲ್ಲಿಸಿದ ಜಾಗವನ್ನು. ಇದನ್ನು ಬರೆಯುವಾಗ ನನಗೆ ಸಿಟ್ಟೇ ಬರುತ್ತಿದೆ, ಯಾರ ಮೇಲೆಂದು ಹೇಳಲಾರೆ.

ಆಮೇಲೆ ಬಲ್ಬುಗಳೇ ಬದಲಾದವು. ಹಳೆಯ ಗಾಜಿನ ಬಲ್ಬು ಅಂಗಡಿಯಿಂದ ಮಾಯವಾಯಿತು. ಮೊದಲು ಸುರುಳಿ ಸುತ್ತಿದಂಥವು ಬಂದವು, ಆಮೇಲೆ ಎಲ್‌ಇಡಿ. ಅಪ್ಪ ಉತ್ಸಾಹದಿಂದ ಮನೆಯ ಎಲ್ಲವನ್ನೂ ಒಂದೇ ದಿನ ಬದಲಿಸಿದರು. ನಾನು ಡಿಡ್ಸ್‌ಬರಿಗೆ ಹೋಗಿದ್ದಾಗ ಅವ್ವ ಅಂಥದೊಂದನ್ನು ಕೈಯಲ್ಲಿ ಹಿಡಿದು ಕನ್ನಡಕ ಏರಿಸಿ ನೋಡುತ್ತಿದ್ದಳು. ಈಗ ನಾನು ಓದಿ ಹೇಳಬೇಕಾಗಿ ಬರಲಿಲ್ಲ, ಅಕ್ಷರ ದಪ್ಪಗಿತ್ತು.

“ಒಂಬತ್ತು ವ್ಯಾಟ್ ಅಂತ. ಅರವತ್ತರ ಬೆಳಕು ಕೊಡ್ತೈತೆಂತ.”

“ಒಳ್ಳೇದಾಯ್ತಲ್ಲ ಅವ್ವಾ. ಈಗ ಎಲ್ಲಾ ಹಚ್ಚಬಹುದು.”

“ಹೂಂ. ಇನ್ನ ಲೆಕ್ಕಾ ಮಾಡೋದು ಬೇಕಿಲ್ಲ.”

ಸಂತೋಷದ ಮಾತೋ ಅಲ್ಲವೋ ನನಗೆ ತಿಳಿಯಲಿಲ್ಲ. ಅವಳ ಓದು, ಅವಳ ಹುಡುಗರು, ಬೋರ್ಡಿನ ಮೇಲೆ ಬರೆದದ್ದು, ಕಾಲು ನೋಯುವಷ್ಟು ಹೊತ್ತು ಕುರ್ಚಿ ಹತ್ತಿ ಇಳಿದದ್ದು, ಎಲ್ಲವೂ ಇನ್ನು ಯಾರಿಗೂ ಬೇಡವಾದ ವಿದ್ಯೆ. ಅವಳನ್ನು ಕೆಲಸಕ್ಕೆ ಬೇಡವೆಂದ ಕಚೇರಿ ಕೂಡ ಈಗ ಆ ಲೆಕ್ಕಕ್ಕೆ ತಲೆ ಕೆಡಿಸಿಕೊಳ್ಳುತ್ತಿರಲಾರದು. ಒಂದು ಕಾಲಕ್ಕೆ ತಾನು ಸರಿಯಿದ್ದೆನೆಂದು ತೋರಿಸುವ ದಾರಿಯೂ ಅವಳಿಗೆ ಉಳಿಯಲಿಲ್ಲ.

ಕಳೆದ ದೀಪಾವಳಿಗೆ ಅವ್ವ ಅಪ್ಪ ಇಬ್ಬರೂ ಸೊಲಿಹಲ್‌ಗೆ ನನ್ನ ಮನೆಗೆ ಬಂದಿದ್ದರು. ನಾನೂ ಗಂಡನೂ ಆಗಷ್ಟೇ ಈ ಮನೆಗೆ ಬಂದಿದ್ದೆವು; ಗಂಡನಿಗೆ ಆ ಸಂಜೆ ಡ್ಯೂಟಿ ಇತ್ತು. ಹಾಲು ಉಕ್ಕಿಸಿದ್ದಾಗಿತ್ತು, ಇನ್ನೊಂದು ಶಾಸ್ತ್ರವನ್ನು ಅವ್ವ ಕೇಳಲಿಲ್ಲ, ನಾನೂ ಎತ್ತಲಿಲ್ಲ. ಅವ್ವನಿಗೆ ಈಗ ಮಂಡಿ ನೋವು, ಮೆಟ್ಟಿಲು ಹತ್ತುವುದಿಲ್ಲ. ಪೂಜೆಯಾದ ಮೇಲೆ ಅವಳನ್ನು ಅಡುಗೆಮನೆಯ ಕುರ್ಚಿಯಲ್ಲಿ ಕೂರಿಸಿ ನಾನೊಬ್ಬಳೇ ಮೇಲಿನಿಂದ ಶುರುಮಾಡಿದೆ. ಕೋಣೆಗಳು, ಹಾದಿಗಳು, ಬಚ್ಚಲುಗಳು, ಬಾಯ್ಲರ್ ಇಟ್ಟ ಗೂಡು, ಗ್ಯಾರೇಜು. ಈ ಮನೆಯಲ್ಲಿ ಸೂರಿಗೆ ಅಂಟಿದ ಸಣ್ಣ ದೀಪಗಳೇ ಸಾಲುಸಾಲು, ಡಿಡ್ಸ್‌ಬರಿಗಿಂತ ಎರಡು ಪಟ್ಟು ಹೆಚ್ಚು. ಅವೆಲ್ಲ ಉರಿದವು. ಇಷ್ಟು ವರ್ಷದ ಮೇಲೆ ಅವ್ವನಿಗೆ ಅವಳ ಸಂಜೆಯನ್ನು ಕೊಡುತ್ತಿದ್ದೇನೆ ಎಂದುಕೊಂಡಿದ್ದೆ. ಕಿಟಕಿಯ ಕಟ್ಟೆಯ ಮೇಲೆ ಸ್ಮಾರ್ಟ್ ಮೀಟರಿನ ಸಣ್ಣ ಪರದೆ ಇದೆ. ಕರೆಂಟು ಕಡಿಮೆ ಹರಿಯುತ್ತಿದ್ದರೆ ಹಸಿರು ದೀಪ, ಹೆಚ್ಚಾದರೆ ಕೆಂಪು. ಅವ್ವ ಅದರ ಮುಂದೆ ಕೂತಿದ್ದಳು.

“ಎಲ್ಲಾ ಹಚ್ಚೀದಿ?”

“ಎಲ್ಲಾ.”

“ಗ್ಯಾರೇಜ್?”

“ಅದೂ ಹಚ್ಚೀನಿ.”

ಅವಳು ಪರದೆಯನ್ನು ತಿರುಗಿಸಿ ನನಗೆ ತೋರಿಸಿದಳು. ಅದು ಹಸಿರಾಗಿಯೇ ಇತ್ತು. ಬಾಗಿಲಲ್ಲಿ ನಿಂತಿದ್ದ ಅಪ್ಪ, ನೋಡಿದ್ಯಾ ಗಿರಿಜಾ, ಈಗ ಮೂರು ಪಾಲೂ ಹಾಕಬಹುದು ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಅವ್ವ ಒಂದಿಷ್ಟು ಹೊತ್ತು ಅದನ್ನೇ ನೋಡಿದಳು. ಆಮೇಲೆ ಮಂಡಿಯ ಮೇಲೆ ಕೈಯೂರಿ ಎದ್ದು, ಚಹಾ ಇಡ್ತೀನಿ ಎಂದಳು. ನಾನು ಇಡುತ್ತೇನೆಂದರೂ ಕೇಳಲಿಲ್ಲ. ಕೆಟಲ್‌ಗೆ ನೀರು ತುಂಬಿ ಗುಂಡಿ ಒತ್ತಿದಳು. ಪರದೆ ಕೂಡಲೇ ಕೆಂಪಾಯಿತು. ಇಡೀ ಮನೆಯ ಅಷ್ಟೂ ದೀಪಗಳಿಗೆ ಏಳದ ಕೆಂಪು, ಅವಳ ಕೈಯ ಒಂದು ಕೆಟಲ್‌ಗೆ ಎದ್ದಿತು.

“ಲೋಡ್ ಇಲ್ಲೆ ಐತಿ, ಅಡಗಿಮನ್ಯಾಗ,” ಎಂದಳು. “ಇದನ್ನ ಯಾರೂ ಲೆಕ್ಕ ಕೇಳಲಿಲ್ಲ ನನ್ನ.”

ಅಪ್ಪ ನಕ್ಕರು, ಅವಳು ತಮಾಷೆ ಮಾಡಿದಳೆಂದುಕೊಂಡು. ಅವ್ವ ಕಪಾಟು ತೆರೆದು, ಎಷ್ಟು ಕಪ್ಪು ಬೇಕು ಎಂದು ಕೇಳಿದಳು. ಮೂರು ಅಂದೆ. ಅವಳು ಎರಡು ತೆಗೆದು ಇಟ್ಟಳು. ನಿನಗೆ ಎಂದು ಕೇಳಿದೆ. ತನಗೆ ಬೇಡವೆಂದಳು.